ಬರೋಲೊ ಅಥವಾ ರಿಯೋಹಾ: ಮಂಗಳೂರಿನ ಮನೆಗೆ ಯಾವುದು?

ದೀರ್ಘಕಾಲ ಮಾಗಿಸಲೆಂದೇ ಸಾಂಪ್ರದಾಯಿಕ ಕ್ರಮದಲ್ಲಿ ತಯಾರಿಸುವ ಕೆಂಪು ವೈನ್‌ಗಳಲ್ಲಿ ಇಟಲಿಯ ಬರೋಲೊ ಮತ್ತು ಸ್ಪೇನಿನ ರಿಯೋಹಾ ಗ್ರಾನ್ ರೆಸೆರ್ವಾ (ರಿಯೋಹಾ ಪ್ರದೇಶದ ವೈನ್‌ಗಳಲ್ಲಿ ಅತಿ ಹೆಚ್ಚು ಕಾಲ ಮಾಗಿಸುವ ದರ್ಜೆ) ಎರಡೂ ಹೆಸರಾದವು. ಆದರೆ ಅವು ಕೊಳ್ಳುವವರಿಂದ ಬೇಡುವ ತಾಳ್ಮೆ ಒಂದೇ ಬಗೆಯದಲ್ಲ.

ನೆಬ್ಬಿಯೋಲೊ ಎಂಬ ಒಂದೇ ತಳಿಯ ದ್ರಾಕ್ಷಿಯಿಂದ ಮಾಡುವ ಬರೋಲೊ, ನಿಯಮದಂತೆ ಕನಿಷ್ಠ 38 ತಿಂಗಳು ಮಾಗಿರಬೇಕು. ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ ಕಳೆಯಬೇಕು. ಹಳೆಯ ಪದ್ಧತಿಯವರು ದೊಡ್ಡ ಪೀಪಾಯಿಗಳನ್ನೇ ಬಳಸುವುದರಿಂದ ಮರದ ವಾಸನೆ ಹಣ್ಣಿನ ಗುಣವನ್ನು ಮುಚ್ಚುವುದಿಲ್ಲ. ಎಳೆಯ ಬರೋಲೊದ ಒಗರು ನಮ್ಮ ಗೇರುಹಣ್ಣಿನಂತೆ ನಾಲಿಗೆಯನ್ನು ಹಿಡಿಯುತ್ತದೆ. ಉತ್ತಮ ಬಾಟಲಿಯಲ್ಲಿ ಹತ್ತು ಹದಿನೈದು ವರ್ಷಗಳ ಬಳಿಕ ಅದು ಮೆತ್ತಗಾಗಿ, ಒಣಗುಲಾಬಿ, ಡಾಂಬರು, ತೊಗಲಿನ ಪರಿಮಳಗಳು ಮೇಲೇಳುತ್ತವೆ. ಈ ನಿಧಾನವಾದ ಪರಿವರ್ತನೆಯೇ ಅದರ ಸೊಗಸೆಂದು ನಾನು ನಂಬಿದ್ದೇನೆ.

ಗ್ರಾನ್ ರೆಸೆರ್ವಾದಲ್ಲಿ ಐದು ವರ್ಷಗಳ ಕಾಯುವಿಕೆಯನ್ನು ತಯಾರಕರೇ ಪೂರೈಸುತ್ತಾರೆ. ಅದರಲ್ಲಿ ಕನಿಷ್ಠ ಎರಡು ವರ್ಷ ಓಕ್ ಪೀಪಾಯಿಯದು. ಹಳೆಯ ಶೈಲಿಯ ಅಮೆರಿಕನ್ ಓಕ್ ಅದಕ್ಕೆ ವೆನಿಲ್ಲಾ ಮತ್ತು ಕೊಬ್ಬರಿಯ ಸುವಾಸನೆ ಕೊಡುತ್ತದೆ.

ಮಂಗಳೂರಿನಲ್ಲಿ ಆಯ್ಕೆಯನ್ನು ನಿರ್ಧರಿಸುವುದು ಹವೆ. ಇಲ್ಲಿನ ತೇವ ಬಿರಡೆ ಒಣಗದಂತೆ ಕಾಯುತ್ತದೆ, ನಿಜ; ಆದರೆ 30 ಡಿಗ್ರಿ ದಾಟುವ ಸೆಕೆಯಲ್ಲಿ, 12ರಿಂದ 14 ಡಿಗ್ರಿಯ ತಂಪು ಬಯಸುವ ವೈನ್ ವರ್ಷಗಟ್ಟಲೆ ಉಳಿಯಲಾರದು. ವೈನಿಗೆಂದೇ ಮಾಡಿದ ಫ್ರಿಜ್ ಇದ್ದವರು ಬರೋಲೊ ಕೊಂಡಿಡಲಿ. ಇಲ್ಲದವರಿಗೆ ಈ ಕ್ರಿಸ್ಮಸ್‌ಗೇ ತೆರೆಯಬಹುದಾದ ರಿಯೋಹಾ ಲೇಸು. ಅದನ್ನೂ ಖಾರದ ಹಂದಿ ಬಫಾತ್‌ನೊಂದಿಗಲ್ಲ, ಸಪ್ಪೆಯಾಗಿ ಹುರಿದ ಮಾಂಸದೊಂದಿಗೆ ಬಡಿಸಬೇಕು, ಏಕೆಂದರೆ ಮೆಣಸಿನ ಉರಿ ಒಗರನ್ನು ಹೆಚ್ಚಿಸುತ್ತದೆ.