ಆಟೊ ಸ್ಟಾರ್ಟ್-ಸ್ಟಾಪ್ ಆಫ್ ಮಾಡಿಕೊಂಡು ಮೂರು ವರ್ಷ: ಒಬ್ಬ ಬಳಕೆದಾರನ ವಿಮರ್ಶೆ

ನನ್ನ ಪೆಟ್ರೋಲ್ ಆಟೊಮ್ಯಾಟಿಕ್ ಕಾರಿಗೆ ಈಗ ನಾಲ್ಕು ವರ್ಷ. ಮೊದಲ ವರ್ಷ ಅದರ ಆಟೊ ಸ್ಟಾರ್ಟ್-ಸ್ಟಾಪ್ ವ್ಯವಸ್ಥೆಯನ್ನು ಕಂಪನಿ ಕೊಟ್ಟ ಹಾಗೆಯೇ ಬಳಸಿದೆ. ಎರಡನೆಯ ವರ್ಷ ಪ್ರತಿಸಲ ಕಾರು ಹತ್ತಿದೊಡನೆ ಗುಂಡಿ ಒತ್ತಿ ಆಫ್ ಮಾಡಿದೆ. ಕಳೆದ ಎರಡು ವರ್ಷಗಳಿಂದ, ಆ ಗುಂಡಿಯ ಹಿಂದಿನ ಕನೆಕ್ಟರ್‌ಗೆ ಸಿಕ್ಕಿಸಿದ ಬೆಂಕಿಪೊಟ್ಟಣದಷ್ಟು ಗಾತ್ರದ ಮೆಮೊರಿ ಮಾಡ್ಯೂಲ್ ನನ್ನ ಪರವಾಗಿ ಅದೇ ಕೆಲಸ ಮಾಡುತ್ತಿದೆ.

ಬ್ರೇಕ್ ಒತ್ತಿ ಕಾರು ಪೂರ್ತಿ ನಿಂತರೆ ಎಂಜಿನ್ ಆಫ್ ಆಗುತ್ತದೆ, ಕಾಲು ಎತ್ತಿದರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಕೆಂಪು ದೀಪದ ಮುಂದೆ ಒಂದೂವರೆ ನಿಮಿಷ ಕಾಯುವಾಗ ಇದರಿಂದ ನನಗೆ ಯಾವ ತೊಂದರೆಯೂ ಆಗಲಿಲ್ಲ. ಆ ನಿಶ್ಶಬ್ದ ಹಿತವಾಗಿಯೇ ಇತ್ತು. ತಕರಾರು ಇರುವುದು ಅರೆಕ್ಷಣ ಮಾತ್ರ ನಿಲ್ಲುವ ಜಾಗಗಳಲ್ಲಿ. ವೃತ್ತದ ಅಂಚಿನಲ್ಲಿ ವಾಹನಗಳ ನಡುವೆ ಸಂದು ಹುಡುಕುತ್ತಾ ನಿಂತಿರುತ್ತೇನೆ, ಸಂದು ಕಾಣುತ್ತದೆ, ಬ್ರೇಕ್ ಬಿಡುತ್ತೇನೆ. ಎಂಜಿನ್ ಒಮ್ಮೆ ನಡುಗಿ ಎಚ್ಚರಗೊಂಡು ಗೇರ್‌ಬಾಕ್ಸ್‌ಗೆ ಶಕ್ತಿ ತಲುಪುವಷ್ಟರಲ್ಲಿ ಆ ಸಂದು ಮುಚ್ಚಿಹೋಗಿರುತ್ತದೆ. ಪಾರ್ಕಿಂಗ್‌ನಲ್ಲಂತೂ ಇನ್ನೂ ವಿಚಿತ್ರ: ಹಿಂದಕ್ಕೆ ತೆಗೆಯಲೆಂದು ಒಂದು ಗಳಿಗೆ ನಿಂತರೆ ಸಾಕು, ಎಂಜಿನ್ ಆರಿ, ರಿವರ್ಸ್ ಹಾಕಿದೊಡನೆ ಮತ್ತೆ ಹೊತ್ತಿಕೊಳ್ಳುತ್ತದೆ.

ಎರಡನೆಯ ತಕರಾರು ಏಸಿಯದು. ನನ್ನ ಕಾರಿನ ಕಂಪ್ರೆಸರ್ ಎಂಜಿನ್ನಿನ ಬೆಲ್ಟ್‌ನಿಂದ ತಿರುಗುವಂಥದ್ದಾದ್ದರಿಂದ, ಎಂಜಿನ್ ನಿಂತಾಗ ಅದೂ ನಿಲ್ಲುತ್ತದೆ. ಬ್ಲೋವರ್ ಮಾತ್ರ ಬೀಸುತ್ತಲೇ ಇರುತ್ತದೆ. ಸ್ವಲ್ಪ ಹೊತ್ತಿಗೆ ಗಾಳಿಯ ತಂಪು ಇಳಿದು, ಕೂಲಿಂಗ್ ಕಾಯಿಲ್ ಮೇಲೆ ಕುಳಿತಿದ್ದ ತೇವ ಆರುತ್ತಾ ಒಳಗೆ ಬರತೊಡಗುತ್ತದೆ, ಒದ್ದೆ ಬಟ್ಟೆಯಂಥ ಒಂದು ವಾಸನೆಯೊಂದಿಗೆ. ಮಳೆಯ ದಿನಗಳಲ್ಲಿ ಮುಂದಿನ ಗಾಜು ಮಬ್ಬಾಗುವುದೂ ಇದರಿಂದಲೇ. ಬಿಸಿಲು ಬಹಳ ಇದ್ದರೆ, ಬ್ಯಾಟರಿ ಚಾರ್ಜ್ ಕಡಿಮೆಯಿದ್ದರೆ ಅಥವಾ ಎಂಜಿನ್ ಇನ್ನೂ ಬಿಸಿಯಾಗಿರದಿದ್ದರೆ ವ್ಯವಸ್ಥೆ ತಾನಾಗಿಯೇ ಸುಮ್ಮನಿರುತ್ತದೆ ಎಂಬುದು ನಿಜ, ಆದರೆ ಅದು ಯಾವಾಗ ಸುಮ್ಮನಿರುತ್ತದೆ, ಯಾವಾಗ ಇಲ್ಲ ಎಂದು ಚಾಲಕನಿಗೆ ಮೊದಲೇ ತಿಳಿಯುವುದಿಲ್ಲ.

ಗುಂಡಿ ಒತ್ತಿದರೆ ಮುಗಿಯಿತಲ್ಲ ಎನ್ನಬಹುದು. ಮುಗಿಯುವುದಿಲ್ಲ, ಏಕೆಂದರೆ ಇಗ್ನಿಷನ್ ಆಫ್ ಮಾಡಿದೊಡನೆ ಕಾರು ನಮ್ಮ ಆಯ್ಕೆಯನ್ನು ಮರೆಯುತ್ತದೆ. ಇಂಧನ ಬಳಕೆಯ ಅಧಿಕೃತ ಪರೀಕ್ಷೆಯಲ್ಲಿ ಈ ವ್ಯವಸ್ಥೆಯಿಂದಾಗುವ ಉಳಿತಾಯವೂ ಲೆಕ್ಕಕ್ಕೆ ಸೇರಬೇಕಾದರೆ ಅದು ಪ್ರತಿ ಸ್ಟಾರ್ಟ್‌ನಲ್ಲೂ ಆನ್ ಸ್ಥಿತಿಯಲ್ಲೇ ಇರಬೇಕು. ತಯಾರಕರು ಈ ಮರೆವನ್ನು ಬೇಕೆಂದೇ ಇಟ್ಟಿದ್ದಾರೆ. ವರ್ಷವಿಡೀ ಒತ್ತಿದ್ದರಿಂದ ನನ್ನ ಗುಂಡಿಯ ಮೇಲಿದ್ದ, ಬಾಣ ಸುತ್ತಿದ 'ಎ' ಅಕ್ಷರ ಅರ್ಧ ಸವೆದಿದೆ.

ಮಾಡ್ಯೂಲ್‌ಗೆ ಮೊದಲು ನಾನೊಂದು ಅಡ್ಡದಾರಿ ಹಿಡಿದು ಪೆಟ್ಟು ತಿಂದೆ. ಬಾನೆಟ್ ತೆರೆದಿದ್ದರೆ ಎಂಜಿನ್ ತಾನಾಗಿ ಸ್ಟಾರ್ಟ್ ಆಗಬಾರದೆಂಬ ಸುರಕ್ಷತೆಗಾಗಿ ಬಾನೆಟ್ ಲಾಕಿನಲ್ಲಿ ಒಂದು ಸ್ವಿಚ್ ಇರುತ್ತದೆ. ಅದರ ವೈರ್ ಕಳಚಿದರೆ ಸ್ಟಾರ್ಟ್-ಸ್ಟಾಪ್ ನಿಲ್ಲುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಕಳಚಿದೆ. ಸ್ಟಾರ್ಟ್-ಸ್ಟಾಪ್ ನಿಂತಿತು. ಜೊತೆಗೆ ಬಾನೆಟ್ ತೆರೆದಿದೆ ಎಂಬ ಎಚ್ಚರಿಕೆ ಡ್ಯಾಶ್‌ಬೋರ್ಡಿನಲ್ಲಿ ಖಾಯಂ ಆಗಿ ಕುಳಿತಿತು, ಮುಂದೊಂದು ದಿನ ಬಾನೆಟ್ ನಿಜವಾಗಿ ಸರಿಯಾಗಿ ಮುಚ್ಚದಿದ್ದರೂ ನನಗೆ ಗೊತ್ತಾಗುವಂತಿರಲಿಲ್ಲ. ಎರಡೇ ದಿನಕ್ಕೆ ವೈರ್ ಮರಳಿ ಸಿಕ್ಕಿಸಿದೆ. ಬ್ಯಾಟರಿಯ ನೆಗೆಟಿವ್ ತುದಿಯಲ್ಲಿರುವ ಸೆನ್ಸರ್ ಕಳಚುವ ಸಲಹೆ ಇನ್ನೂ ಕೆಟ್ಟದ್ದು. ಚಾರ್ಜಿಂಗ್ ಎಷ್ಟಿರಬೇಕೆಂದು ಕಾರು ನಿರ್ಧರಿಸುವುದೇ ಅದರ ಮಾಹಿತಿಯಿಂದ.

ಮಾಡ್ಯೂಲ್ ವೈರ್ ಕತ್ತರಿಸುವ ಗೋಜಿಲ್ಲದೆ ಸೇರಿಕೊಳ್ಳುತ್ತದೆ, ಇಗ್ನಿಷನ್ ಆನ್ ಆದ ಕೆಲವು ಸೆಕೆಂಡುಗಳ ನಂತರ ಗುಂಡಿ ಒತ್ತಿದಂಥ ಸಂಕೇತವನ್ನು ಕೊಡುತ್ತದೆ, ನಾವು ಕೊನೆಗೆ ಬಿಟ್ಟ ಸ್ಥಿತಿಯನ್ನು ನೆನಪಿಟ್ಟುಕೊಳ್ಳುತ್ತದೆ. ಎರಡು ವರ್ಷಗಳಲ್ಲಿ ಒಮ್ಮೆ, ಬ್ಯಾಟರಿ ಕಳಚಿ ಜೋಡಿಸಿದ ಮೇಲೆ, ಅದೂ ಮರೆಯಿತು. ಗುಂಡಿಯನ್ನು ಒಮ್ಮೆ ಕೈಯಾರೆ ಒತ್ತಿದಾಗ ಸರಿಹೋಯಿತು. ಸರ್ವಿಸ್‌ಗೆ ಕೊಡುವ ಮುನ್ನ ಅದನ್ನು ತೆಗೆದಿಡುತ್ತೇನೆ, ವಾರಂಟಿಯ ಚರ್ಚೆಗೆ ಅವಕಾಶವೇ ಬೇಡ ಎಂದು.

ಇಂಧನದ ವಿಷಯದಲ್ಲಿ ನಾನು ಕಳೆದುಕೊಂಡದ್ದು ಎಷ್ಟು? ಸಾಧಾರಣ ಪೆಟ್ರೋಲ್ ಎಂಜಿನ್ ನಿಂತಲ್ಲೇ ಓಡುತ್ತಿದ್ದರೆ ಗಂಟೆಗೆ ಸುಮಾರು 0.6ರಿಂದ 0.8 ಲೀಟರ್ ಕುಡಿಯುತ್ತದೆ. ದಿನಕ್ಕೆ 10 ನಿಮಿಷ ಹಾಗೆ ನಿಂತರೆ 100 ಮಿಲಿಲೀಟರಿಗಿಂತ ಸ್ವಲ್ಪ ಹೆಚ್ಚು. ಇದು ಶೂನ್ಯವಲ್ಲ, ಸಿಗ್ನಲ್‌ಗಳಲ್ಲೇ ಅರ್ಧ ಗಂಟೆ ಕಳೆಯುವವರಿಗಂತೂ ಗಣನೀಯವೇ. ಅಂಥವರು ಆಫ್ ಮಾಡುವ ಮೊದಲು ಎರಡು ಸಲ ಯೋಚಿಸಬೇಕು. 10 ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಾದರೆ ಎಂಜಿನ್ ಆರಿಸುವುದೇ ಲಾಭ. ನಾನು ಕೂಡ ರೈಲ್ವೆ ಗೇಟ್ ಹಾಕಿರುವುದು ಕಂಡರೆ ಗುಂಡಿ ಒತ್ತಿ ವ್ಯವಸ್ಥೆಯನ್ನು ಮತ್ತೆ ಆನ್ ಮಾಡುತ್ತೇನೆ.

ಸ್ಟಾರ್ಟರ್ ಬೇಗ ಸವೆಯುತ್ತದೆ ಎಂಬ ಭಯದಿಂದ ಆಫ್ ಮಾಡುವವರೂ ಇದ್ದಾರೆ. ಆ ಕಾರಣ ನನಗೆ ಒಪ್ಪಿಗೆಯಾಗಿಲ್ಲ. ಇಂಥ ಕಾರುಗಳ ಸ್ಟಾರ್ಟರನ್ನು ಹೆಚ್ಚು ಸಲ ತಿರುಗುವುದಕ್ಕೆಂದೇ ಗಟ್ಟಿಯಾಗಿ ಮಾಡಿರುತ್ತಾರೆ, ಬ್ಯಾಟರಿಯೂ ಪದೇ ಪದೇ ಸ್ಟಾರ್ಟ್ ಆಗುವುದನ್ನು ತಾಳಿಕೊಳ್ಳುವ ಇಎಫ್‌ಬಿ ಅಥವಾ ಎಜಿಎಂ ಎಂಬ ಗಟ್ಟಿ ಮಾದರಿಯದ್ದಾಗಿರುತ್ತದೆ. ಕಳೆದ ತಿಂಗಳು ನನ್ನ ಬ್ಯಾಟರಿ ಬದಲಿಸುವಾಗ, "ಹೇಗೂ ಆಫ್ ಮಾಡಿದ್ದೀರಲ್ಲ, ಸಾಮಾನ್ಯದ್ದೇ ಹಾಕಿಬಿಡೋಣ" ಎಂದು ಮೆಕ್ಯಾನಿಕ್ ಹೇಳಿದರು. ಕಾರಿನ ಚಾರ್ಜಿಂಗ್ ವ್ಯವಸ್ಥೆಗೆ ನನ್ನ ಗುಂಡಿಯ ವಿಷಯ ಗೊತ್ತಿಲ್ಲ, ಅದು ಎಜಿಎಂ ಬ್ಯಾಟರಿ ಇದೆಯೆಂದೇ ಭಾವಿಸಿ ಚಾರ್ಜ್ ಮಾಡುತ್ತದೆ ಎಂದು ವಿವರಿಸಿ, ಮೊದಲಿದ್ದ ಮಾದರಿಯನ್ನೇ ಹಾಕಿಸಿಕೊಂಡು ಬಂದೆ.