ಮಗಳ ಕನ್ನಡ ಓದಿಗೆ ಟ್ಯಾಬ್: ಎಲ್‌ಕೆಜಿಯಿಂದ ಒಂದನೇ ಕ್ಲಾಸಿನವರೆಗೆ ಬಳಸಿದ ಮೇಲೆ

ಮಗಳು ಎಲ್‌ಕೆಜಿ ಸೇರಿದಾಗ ಎಂಟು ಇಂಚಿನ ಸಾಧಾರಣ ಆಂಡ್ರಾಯ್ಡ್ ಟ್ಯಾಬ್ ತಂದೆವು. ಈಗ ಅವಳು ಒಂದನೇ ಕ್ಲಾಸು. ಬೆಂಗಳೂರಿನ ಎಷ್ಟೋ ಶಾಲೆಗಳ ಹಾಗೆ ಅವಳ ಶಾಲೆಯಲ್ಲೂ ಇಂಗ್ಲಿಷೇ ಜಾಸ್ತಿ. ಕನ್ನಡ ಓದು ಮನೆಯಲ್ಲೇ ಆಗಬೇಕು. ಕಥೆ ಓದಿಸಲು ಟ್ಯಾಬ್ ತುಂಬಾ ಒಳ್ಳೆಯದು. ಅಕ್ಷರ ತಿದ್ದಿಸಲು ಮಾತ್ರ ಬೇಡ.

ನಾವು ಹೆಚ್ಚು ಬಳಸಿದ್ದು ಸ್ಟೋರಿವೀವರ್. ನಮ್ಮೂರಿನದೇ ಆದ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ತಾಣ, ಪೂರ್ತಿ ಉಚಿತ. ಕನ್ನಡದ ಚಿತ್ರಪುಸ್ತಕಗಳು ಧಾರಾಳವಾಗಿವೆ. ಓದುವ ಮಟ್ಟ ನೋಡಿ ನಾಲ್ಕು ಹಂತ ಮಾಡಿದ್ದಾರೆ. ಮೊದಲ ಹಂತದಲ್ಲಿ ಪುಟಕ್ಕೆ ಒಂದೆರಡು ಸಾಲು, ಸುಲಭದ ಪದಗಳು. ಪಿಡಿಎಫ್ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓದಬಹುದು.

ಟ್ಯಾಬ್ ನಿಜವಾಗಿ ಕೈಹಿಡಿದದ್ದು ಒತ್ತಕ್ಷರದಲ್ಲಿ. ಕಾಗುಣಿತ ಬೇಗ ಬಂತು. ಆದರೆ 'ಬೆಕ್ಕು' ಅಂತ ಇದ್ದರೆ 'ಬೆಕು' ಅಂತ ಓದುತ್ತಿದ್ದಳು. ಕೆಳಗಿನ ಪುಟ್ಟ ಒತ್ತು ಅವಳ ಕಣ್ಣಿಗೇ ಬೀಳುತ್ತಿರಲಿಲ್ಲ. ಪುಟವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಆ ಒಂದೇ ಪದ ಪರದೆ ತುಂಬುವ ಹಾಗೆ ಮಾಡಿದೆ. "ಅಮ್ಮಾ, ಇಲ್ಲಿ ಕೆಳಗಡೆ ಇನ್ನೊಂದಿದೆ!" ಅಂದಳು. ಆಮೇಲೆ ತಾನೇ ಹಿಗ್ಗಿಸಿ ಒತ್ತು ಹುಡುಕೋದು ಅವಳಿಗೊಂದು ಆಟವಾಯಿತು.

ಒಂದು ತೊಂದರೆ ಇದೆ. "ಬೆರಳಿಟ್ಟು ಓದು ಪುಟ್ಟಾ" ಅಂತ ಅಜ್ಜಿ ಹೇಳುತ್ತಾರೆ, ಬೆರಳಿಟ್ಟರೆ ಪುಟವೇ ಸರಿದುಹೋಗುತ್ತದೆ! ಕೊನೆಗೆ ಅಜ್ಜಿಯೇ ಒಂದು ಐಸ್‌ಕ್ರೀಂ ಕಡ್ಡಿ ಕೊಟ್ಟರು. ಮರದ ಕಡ್ಡಿ ತಗುಲಿದರೆ ಪರದೆಗೆ ಗೊತ್ತಾಗುವುದಿಲ್ಲ, ಸಾಲು ತಪ್ಪುವುದೂ ಇಲ್ಲ.

ದುಡ್ಡು ಕಟ್ಟಿ ಹಾಕಿಕೊಂಡ ಅಕ್ಷರ ತಿದ್ದುವ ಆ್ಯಪ್ ಬಗ್ಗೆ ನನಗೆ ಬೇಸರವಿದೆ. 'ಳ'ವನ್ನು ಯಾವ ತುದಿಯಿಂದ ಎಳೆದರೂ ಚಪ್ಪಾಳೆ, ನಕ್ಷತ್ರ. ಗಾಜಿನ ಮೇಲೆ ಬೆರಳು ಜಾರಿಕೊಂಡು ಹೋಗುತ್ತದೆ, ಪೆನ್ಸಿಲ್ ಹಿಡಿತ ಬರುವುದಿಲ್ಲ. ಸ್ಲೇಟು, ಬಳಪ ಕೊಟ್ಟ ಮೇಲೆಯೇ ಅವಳ ಅಕ್ಷರ ದುಂಡಗಾಗಿದ್ದು. ಇಷ್ಟು ಚಿಕ್ಕ ಮಕ್ಕಳಿಗೆ ತಪ್ಪನ್ನೂ ಸರಿ ಅಂತ ಹೊಗಳುವುದು ಸರಿಯಲ್ಲ, ಅಲ್ವಾ?

ಸಮಯದ ವಿಷಯದಲ್ಲಿ ನಾವು ಕಟ್ಟುನಿಟ್ಟು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಪರದೆ ನೋಡುವ ಹೊತ್ತು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಮ್ಮಲ್ಲಿ ಸಂಜೆ ಒಂದೆರಡು ಕಥೆ, ಅಷ್ಟೇ. ಸ್ಕ್ರೀನ್ ಪಿನ್ ಮಾಡಿಟ್ಟರೆ, ಅಂದರೆ ಟ್ಯಾಬ್ ಒಂದೇ ಆ್ಯಪ್‌ನಲ್ಲಿ ನಿಲ್ಲುವ ಹಾಗೆ ಸೆಟ್ಟಿಂಗ್ ಮಾಡಿದರೆ, ಮಕ್ಕಳು ಸುಲಭವಾಗಿ ವಿಡಿಯೋ ಆ್ಯಪ್ ಕಡೆ ಹೋಗಲಾರರು. ಟ್ಯಾಬ್ ಅವಳ ಕೈಗೆ ಕೊಟ್ಟು ನಾವು ಅಡುಗೆಮನೆಗೆ ಹೋದ ದಿನ ಸುಮ್ನೆ ಚಿತ್ರ ಸರಿಸಿ ಮುಗಿಸುತ್ತಾಳೆ. ಪಕ್ಕದಲ್ಲಿ ಕೂತು "ಮುಂದೇನಾಗುತ್ತೆ ಹೇಳು" ಅಂದರೆ ಪ್ರತಿ ಸಾಲೂ ಓದುತ್ತಾಳೆ.

ಹಾಗಾಗಿ ಮನೆಯಲ್ಲಿ ಯಾರಾದರೂ ಜೊತೆಗೆ ಕೂರುವುದಾದರೆ ಮಾತ್ರ ತಗೊಳ್ಳಿ. ದುಬಾರಿಯದು ಬೇಡ, ಗಟ್ಟಿ ಕವರ್ ಇರಲಿ. ಯಾವುದೇ ಆ್ಯಪ್‌ಗೆ ವರ್ಷದ ಚಂದಾ ಕಟ್ಟುವ ಮೊದಲು ಅದರಲ್ಲಿ ಒತ್ತಕ್ಷರ ಕಲಿಸುತ್ತಾರಾ, ಇಲ್ಲ ಅಆಇಈಗೇ ನಿಂತಿದೆಯಾ ಅಂತ ತೆರೆದು ನೋಡಿ.