ಫ್ಯೂರಾ-2 ಎಎಂ: ಡೈ ಹಳೇದು, ಲೆಕ್ಕ ಪಕ್ಕಾ

ಐದಕ್ಕೆ ನಾಲ್ಕು ಸ್ಟಾರ್. ಪಿಎಚ್‌ಡಿ ದಿನಗಳಿಂದಲೂ ಜೀವಂತ ಕೋಶಗಳೊಳಗಿನ ಕ್ಯಾಲ್ಸಿಯಂ ಅಳೆಯಲು ಇದನ್ನೇ ಬಳಸುತ್ತಿದ್ದೇನೆ. 1985ರಲ್ಲಿ ರಸಾಯನವಿಜ್ಞಾನಿ ರೋಜರ್ ಚೆನ್ ತಂಡ ಪರಿಚಯಿಸಿದ, ಬೆಳಕು ಬಿಟ್ಟರೆ ಹೊಳೆಯುವ ಡೈ ಇದು. ಅವರಿಗೆ 2008ರಲ್ಲಿ ನೊಬೆಲ್ ಬಂದಿದ್ದು ಜಿಎಫ್‌ಪಿ ಅನ್ನುವ ಹಸಿರಾಗಿ ಹೊಳೆಯುವ ಪ್ರೋಟೀನಿನ ಕೆಲಸಕ್ಕೆ. ನನ್ನ ಕೇಳಿದರೆ ಇದಕ್ಕೂ ಒಂದು ಕೊಡಬಹುದಿತ್ತು!

ಇದರ ಜೀವಾಳವೇ ಅನುಪಾತ. ಮೊದಲು 340, ಆಮೇಲೆ 380 ನ್ಯಾನೋಮೀಟರ್ ಬೆಳಕು ಬಿಡುತ್ತೇವೆ. ಎರಡಕ್ಕೂ ಡೈ ಸೂಸುವ ಬೆಳಕನ್ನು 510ರ ಆಸುಪಾಸಿನಲ್ಲಿ ಹಿಡಿದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸುತ್ತೇವೆ. ಹೀಲಾ ಕೋಶಗಳಿಗೆ (ಲ್ಯಾಬ್‌ನಲ್ಲಿ ಬೆಳೆಸುವ ಮಾನವ ಕೋಶಗಳು) ಹಿಸ್ಟಮಿನ್ ಹಾಕಿ ನೋಡಿ. ಕ್ಯಾಲ್ಸಿಯಂ ಏರುತ್ತಿದ್ದಂತೆ ಪರದೆಯ ಮೇಲೆ 340ರ ಗೆರೆ ಮೇಲಕ್ಕೆ, 380ರ ಗೆರೆ ಕೆಳಕ್ಕೆ. ಎರಡೂ ಒಟ್ಟಿಗೆ ಇಳಿದರೆ ಅದು ಕ್ಯಾಲ್ಸಿಯಂ ಅಲ್ಲ. ಡೈ ಮಾಸುತ್ತಿದೆ, ಸೋರುತ್ತಿದೆ, ಇಲ್ಲವೇ ಫೋಕಸ್ ಜರುಗಿದೆ. ಫ್ಲೂಓ-4 ಅನ್ನುವ ಇನ್ನೊಂದು ಕ್ಯಾಲ್ಸಿಯಂ ಡೈ ಇದಕ್ಕಿಂತ ಚೆನ್ನಾಗಿ ಹೊಳೆಯುತ್ತದೆ, ವಿಡಿಯೋ ನೋಡಲು ಚಂದ. ಆದರೆ ಅದರಲ್ಲಿ ಒಂದೇ ಗೆರೆ. ಅದು ಇಳಿದರೆ ಯಾಕೆ ಇಳಿಯಿತು ಅಂತ ಯಾರನ್ನು ಕೇಳೋದು? ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಯಮುನಾ ಕೃಷ್ಣನ್ ತಂಡ 2009ರಲ್ಲಿ ಡಿಎನ್‌ಎಯಿಂದಲೇ ಕಟ್ಟಿದ, ಪಿಎಚ್ (ಆಮ್ಲೀಯತೆ) ಅಳೆಯುವ ಸೆನ್ಸರ್ 'ಐ-ಸ್ವಿಚ್' ಕೂಡ ನಂಬಿರುವುದು ಅನುಪಾತವನ್ನೇ.

ಇನ್ನು ತಕರಾರುಗಳು. 340 ಅಂದರೆ ಅತಿನೇರಳೆ ಬೆಳಕು. ಜಾಸ್ತಿ ಹೊತ್ತು ಬಿಟ್ಟರೆ ಕೋಶಗಳೇ ಸುಸ್ತು. ಎಷ್ಟೋ ಮಾಮೂಲಿ ಆಬ್ಜೆಕ್ಟಿವ್‌ಗಳು, ಅಂದರೆ ಮೈಕ್ರೋಸ್ಕೋಪಿನ ಲೆನ್ಸ್‌ಗಳು, ಈ ಬೆಳಕನ್ನು ಸರಿಯಾಗಿ ಒಳಗೇ ಬಿಡುವುದಿಲ್ಲ. ಹಾಗಾಗಿ ಡೈಗಿಂತ ಮೊದಲು ಲೆನ್ಸ್ ವಿಚಾರಿಸಿ. 37 ಡಿಗ್ರಿಯಲ್ಲಿ ಲೋಡ್ ಮಾಡಿದರೆ, ಅಂದರೆ ಕೋಶಗಳಿಗೆ ಡೈ ತುಂಬಿಸಿದರೆ, ಅದು ಒಳಗಿನ ಅಂಗಕಗಳಿಗೂ ನುಗ್ಗಿ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ನಾನು ರೂಮ್ ಟೆಂಪರೇಚರ್‌ನಲ್ಲೇ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಇಡುತ್ತೇನೆ, ಸೀರಮ್ ಇಲ್ಲದ ಬಫರ್‌ನಲ್ಲಿ. ಸೀರಮ್‌ನಲ್ಲೂ ಎಸ್ಟರೇಸ್ ಅನ್ನುವ ಕಿಣ್ವ ಇರುತ್ತದೆ ಅಲ್ವಾ, ಅದು ಡೈಯನ್ನು ಕೋಶದ ಪೊರೆ ದಾಟಿಸುವ ಎಎಂ ಭಾಗವನ್ನು ಹೊರಗೇ ಕತ್ತರಿಸಿಬಿಟ್ಟರೆ ಡೈ ಪೊರೆ ದಾಟುವುದಿಲ್ಲ. ಒಳಗೆ ಹೋದದ್ದು ಮತ್ತೆ ಸೋರುತ್ತಿದ್ದರೆ ಆ ಸೋರಿಕೆ ತಡೆಯುವ ಪ್ರೊಬೆನೆಸಿಡ್ ಹಾಕಿ.

ಇದರ ದೊಡ್ಡ ಶತ್ರು ತೇವ. ಮಳೆಗಾಲದಲ್ಲಿ ಫ್ರೀಜರ್‌ನಿಂದ ತೆಗೆದ ವಯಲ್ ಮೇಲೆ ಕಣ್ಣೆದುರೇ ನೀರಿನ ಪಸೆ ಕೂರುತ್ತದೆ. ಅದು ರೂಮಿನ ಬಿಸಿಗೆ ಬರುವವರೆಗೆ ಮುಚ್ಚಳ ಮುಟ್ಟಬೇಡಿ. ಒಮ್ಮೆ ನಮಗೆ ಬಂದ ಪಾರ್ಸೆಲ್ ದಾರಿಯಲ್ಲೇ ದಿನಗಟ್ಟಲೆ ಬಿದ್ದಿತ್ತು, ಆ ಬ್ಯಾಚ್ ಕೋಶದೊಳಕ್ಕೆ ಹೋಗಲೇ ಇಲ್ಲ. ಬದಲಿ ಕೊಡಲು ಮಾರಿದವರು ಸತಾಯಿಸಿದ್ದು ಬೇರೆ. ಒಂದು ಸ್ಟಾರ್ ಹೋಗಿದ್ದು ಅಲ್ಲೇ.

ಇಲಿಯ ಮಿದುಳಿನಲ್ಲಿ ಅದೇ ನರಕೋಶವನ್ನು ವಾರಗಟ್ಟಲೆ ನೋಡಬೇಕು ಅನ್ನುವವರಿಗೆ ಇದು ಬೇಡ, ಕೋಶವೇ ತಯಾರಿಸಿಕೊಳ್ಳುವ ಕ್ಯಾಲ್ಸಿಯಂ ಸೆನ್ಸರ್ ಪ್ರೋಟೀನ್ ಜಿಕ್ಯಾಂಪ್ ಹಿಡಿಯಿರಿ. ಡಿಶ್‌ನಲ್ಲಿರುವ ಕೋಶಗಳಿಂದ ಕ್ಯಾಲ್ಸಿಯಂ ಸಾಂದ್ರತೆಯ ನ್ಯಾನೋಮೋಲಾರ್ ಲೆಕ್ಕ ಬೇಕಿದ್ದರೆ ಕಣ್ಣುಮುಚ್ಚಿ ಇದನ್ನು ತೆಗೆದುಕೊಳ್ಳಿ. 1 ಮಿಲಿಗ್ರಾಂ ಬಾಟಲಿ ಬೇಡ, 50 ಮೈಕ್ರೋಗ್ರಾಂನ ಚಿಕ್ಕ ವಯಲ್‌ಗಳೇ ಸರಿ. 50 ಮೈಕ್ರೋಲೀಟರ್ ಒಣ (ನೀರಿನಂಶವಿಲ್ಲದ) ಡಿಎಂಎಸ್ಒ ದ್ರಾವಕ ಹಾಕಿದರೆ ಹೆಚ್ಚುಕಮ್ಮಿ 1 ಮಿಲಿಮೋಲಾರ್ ಸ್ಟಾಕ್ ದ್ರಾವಣ ರೆಡಿ. ಆವತ್ತಿನದು ಆವತ್ತೇ ಮುಗಿಸಿ.